ಬಾವುಟದ ಹಿಂದೆ ಲಂಕೆ

ಶ್ರೀಲಂಕಾದ ಗುಂಪು ಪ್ರವಾಸದಲ್ಲಿ ಗೈಡಿನ ಕೈಯಲ್ಲಿರುವ ಪುಟ್ಟ ಬಾವುಟವೇ ಪಂಚಾಂಗ. ಅದು ಎದ್ದರೆ ಎಲ್ಲರೂ ಏಳಬೇಕು.

ಸಿಗಿರಿಯಾದಲ್ಲಿ ಮಾತ್ರ ಶಿಸ್ತು ಸಡಿಲ. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಅರಮನೆ ಕಟ್ಟಿಸಿದ್ದ ಬಂಡೆಯ ನೆತ್ತಿಗೆ ಸುಮಾರು 1,200 ಮೆಟ್ಟಿಲು. ಮಂಡಿನೋವಿನವರು ಇಟ್ಟಿಗೆ-ಗಾರೆಯ ಸಿಂಹಪಾದಗಳ ಬಳಿಯೇ ಕೂತು, ‘ನೀವು ಹೋಗಿ ಬನ್ನಿ, ನಾವು ಫೋಟೊದಲ್ಲಿ ನೋಡ್ತೀವಿ’ ಅನ್ನುತ್ತಾರೆ.

ಕ್ಯಾಂಡಿಯಲ್ಲಿ ಬುದ್ಧನ ದಂತ ನೋಡಲೆಂದು ಬಂದವರಿಗೆ ಕಾಣುವುದು ಅದನ್ನಿಟ್ಟ ಚಿನ್ನದ ಕರಂಡಕ, ಅದೂ ಪೂಜೆಯ ಹೊತ್ತಿನಲ್ಲಿ, ಸಾಲು ಸರಿಯುವಾಗ ಒಂದು ಗಳಿಗೆ.

ಮಾತಲೆಯ ಮಸಾಲೆ ತೋಟಗಳಲ್ಲಿ ಚಕ್ಕೆಯ ತೊಗಟೆ ಸುಲಿದು, ಮೂಗಿಗೆ ಹಿಡಿದು ತೋರಿಸುತ್ತಾರೆ. ಸುತ್ತಾಟ ಮುಗಿಯುವುದು ಅಂಗಡಿಯೊಳಗೆ. ‘ಇಷ್ಟು ದುಡ್ಡಾ? ನಮ್ಮ ಮಡಿಕೇರಿಯಲ್ಲೇ ಸಿಗುತ್ತಲ್ಲ!’ ಎಂದವರೇ ಎರಡು ಪೊಟ್ಟಣ ಕೊಂಡು, ಮೂರನೆಯದಕ್ಕೆ ಚೌಕಾಸಿ ಮಾಡುತ್ತಿರುವಾಗ ಬಸ್ಸಿನ ಹಾರ್ನ್ ಕೇಳುತ್ತದೆ.