ಭಂಡಾರದ ಲೆಕ್ಕ

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಮೊಬೈಲು, ಕಂಪ್ಯೂಟರು ಬರುವುದಕ್ಕೆ ಎಷ್ಟೋ ಕಾಲ ಮೊದಲು. ಕಣ್ಣೆದುರು ಕಂಡದ್ದೂ ಸುಳ್ಳಾದರೆ ನಂಬುವುದು ಯಾವುದನ್ನು ಟೀಚರ್ ಎಂದು ತರಗತಿಯಲ್ಲಿ ಮಕ್ಕಳು ಕೇಳಿದಾಗ ನಾನು ಹಗ್ಗ ಮತ್ತು ಹಾವಿನ ಉದಾಹರಣೆ ಕೊಟ್ಟು ಪಾಠ ಮುಂದುವರಿಸುತ್ತಿದ್ದೆ. ಈಗ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿದೆ. ಕೊಟ್ಟವನು ಶಹಾಬಾದಿನಲ್ಲಿರುವ ನನ್ನ ತಂಗಿಯ ಮಗ, ಪಿಯುಸಿ ಓದುತ್ತಿರುವ ಹುಡುಗ.

ಇವನೂ ಇವನ ಮೂವರು ಗೆಳೆಯರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಒಬ್ಬ ವಾಡಿಯಲ್ಲಿ, ಒಬ್ಬ ಚಿತ್ತಾಪುರದಲ್ಲಿ, ಇನ್ನೊಬ್ಬ ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಅಂಚಿನಲ್ಲಿ. ಅವರನ್ನು ಕೂಡಿಸಿಟ್ಟಿದ್ದು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ. ಸ್ವೀಡನ್ನಿನ ಮೊಜಾಂಗ್ ಕಂಪನಿ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಈ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಚೌಕಚೌಕದ ಕಲ್ಲು, ಮಣ್ಣು, ಕಟ್ಟಿಗೆಗಳಿಂದ ಬೇಕಾದ್ದನ್ನು ಕಟ್ಟಬಹುದು. ಈ ಹುಡುಗರು ಕಟ್ಟುತ್ತಿದ್ದುದು ನಮ್ಮ ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯನ್ನು. ರಾಷ್ಟ್ರಕೂಟರ ಮಾನ್ಯಖೇಟ ಇದೇ ಎಂದು ಕಾಗಿಣಾ ನದಿಯ ದಂಡೆಗೆ ಅವರನ್ನು ಒಮ್ಮೆ ಕರೆದೊಯ್ದು ತೋರಿಸಿದವಳು ನಾನೇ.

ಆಟಕ್ಕೆ ನಾವಾಗಿಯೇ ಬರೆದು ಸೇರಿಸುವ ಹೊಸ ಅಂಶಕ್ಕೆ ಮೋಡ್ ಎನ್ನುತ್ತಾರೆ. ಅಂಗಡಿಯಲ್ಲಿ ಕೊಂಡ ಸಿದ್ಧ ಕುಪ್ಪಸವನ್ನು ನಮ್ಮ ಅಳತೆಗೆ ಹೊಲಿದುಕೊಳ್ಳುವುದಿಲ್ಲವೇ, ಹಾಗೆ ಎನ್ನಿ. ನಮ್ಮ ಹುಡುಗ ‘ಭಂಡಾರ’ ಎಂಬ ಪೆಟ್ಟಿಗೆಯೊಂದನ್ನು ಬರೆದು ಸೇರಿಸಿದ್ದ. ನಾಲ್ವರೂ ಗಳಿಸಿದ ಬಂಗಾರವನ್ನು ಅದರಲ್ಲಿ ಹಾಕುವುದು, ಕೋಟೆಯ ಕೆಲಸಕ್ಕೆ ಬೇಕಾದಾಗ ತೆಗೆಯುವುದು. ಎರಡು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬಂಗಾರ ಕಡಿಮೆಯಾಗತೊಡಗಿತು.

ದಸರೆ ರಜೆಗೆ ಸೇಡಂಗೆ ಬಂದವನ ಮುಖ ಊದಿಕೊಂಡಿತ್ತು. ಏನಪ್ಪಾ ಎಂದೆ.

“ಚಿಂಚೋಳಿ ಹುಡುಗ ಕದೀಲತ್ತಾನ ದೊಡ್ಡವ್ವ. ಅಂವ ಬಂದು ಹೋದಮ್ಯಾಲೇ ಲೆಕ್ಕ ಕಮ್ಮಿ ಆಗ್ತದ. ನಾವು ಮೂರೂ ಮಂದಿ ಕೂಡಿ ಅವನ್ನ ಹೊರಗ ಹಾಕೀವಿ.”

ಆಟದ ಬಂಗಾರವೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕಳ್ಳ ಎಂಬ ಮಾತು ಆಟದ ಮಾತಲ್ಲ. ಶಾಲೆಯಲ್ಲಿ ಕಂಪಾಸು ಪೆಟ್ಟಿಗೆ ಕಳೆದಾಗ ಎಲ್ಲರ ಕಣ್ಣು ಮೊದಲು ತಿರುಗುವುದು ಹರಿದ ಅಂಗಿಯ ಹುಡುಗನ ಕಡೆಗೆ. ಪೆಟ್ಟಿಗೆ ಬೆಂಚಿನ ಸಂದಿಯಲ್ಲಿ ಸಿಕ್ಕ ಮೇಲೂ ಆ ಮಗುವಿನ ಮುಖ ಮೊದಲಿನಂತಾಗಲು ತಿಂಗಳುಗಳೇ ಬೇಕು. ಹಾಗಾಗಿ ಕೇಳಿದೆ: “ನಿನ್ನ ಭಂಡಾರದ ಲೆಕ್ಕಾ ಬರೆಯವರು ಯಾರು?”

ಅವನು ಕಾಗದದ ಮೇಲೆ ನಾಲ್ಕು ಮನೆ ಬರೆದ, ನಡುವೆ ಒಂದು ದೊಡ್ಡ ಮನೆ ಬರೆದ. ಆಡುವವರ ಕೈಯಲ್ಲಿರುವ ಕಂಪ್ಯೂಟರು ಕ್ಲೈಂಟು, ನಡುವಿನದು ಸರ್ವರು. ನಿಜವಾದ ಕೋಟೆ ಇರುವುದು ಸರ್ವರಿನಲ್ಲಿ ಮಾತ್ರ. ನಾಲ್ವರ ಪರದೆಯಲ್ಲಿ ಕಾಣುವುದು ಅದರ ನಕಲು. ಒಬ್ಬ ಕಲ್ಲು ಒಡೆದರೆ ಅವನ ಕ್ಲೈಂಟು ಸರ್ವರಿಗೆ ಒಂದು ಚೀಟಿ ಕಳಿಸುತ್ತದೆ. ಸೆಕೆಂಡಿಗೆ 20 ಸಲ ಲೆಕ್ಕ ಹಾಕುವ ಸರ್ವರು ಅದನ್ನು ಒಪ್ಪಿದರೆ ಎಲ್ಲರಿಗೂ ತಿಳಿಸುತ್ತದೆ. ಉತ್ತರ ಬರುವವರೆಗೆ ಆಡುವವನು ಕಾಯಬಾರದೆಂದು ಅವನ ಪರದೆ ಕಲ್ಲು ಒಡೆದಂತೆ ಮೊದಲೇ ತೋರಿಸಿಬಿಡುತ್ತದೆ. ಸರ್ವರು ಒಪ್ಪದಿದ್ದರೆ ಒಡೆದ ಕಲ್ಲು ಮತ್ತೆ ತನ್ನ ಜಾಗದಲ್ಲೇ ಎದ್ದು ಕೂಡುತ್ತದೆ. ಪ್ರತ್ಯಕ್ಷವಾಗಿ ಕಂಡದ್ದು ಸುಳ್ಳಾಗುವುದು ಹೀಗೆ!

“ಹಂಗಾದ್ರ ಭಂಡಾರದಿಂದ ಯಾವ ಚೀಟಿ ಹೋಗ್ತದ? ಒಂದೊಂದೇ ಬರಿ” ಎಂದೆ. ಬರೆದ.

ಪೆಟ್ಟಿಗೆಯಲ್ಲಿ 20 ಗಟ್ಟಿ ಇವೆ. ವಾಡಿಯ ಹುಡುಗ 5 ಹಾಕುತ್ತಾನೆ. ಅವನ ಕ್ಲೈಂಟು ತಾನೇ ಕೂಡಿಸಿ “ಈಗ 25” ಎಂದು ಚೀಟಿ ಕಳಿಸುತ್ತದೆ. ಆ ಸುದ್ದಿ ಚಿಂಚೋಳಿಗೆ ಇನ್ನೂ ಮುಟ್ಟಿಲ್ಲ. ಅಲ್ಲಿಯ ಪರದೆಯಲ್ಲಿ ಇನ್ನೂ 20. ಅವನು 2 ತೆಗೆಯುತ್ತಾನೆ. ಅವನ ಕ್ಲೈಂಟು “ಈಗ 18” ಎಂದು ಕಳಿಸುತ್ತದೆ. ಸರ್ವರು 25 ಅಳಿಸಿ 18 ಬರೆದುಕೊಳ್ಳುತ್ತದೆ. ಇರಬೇಕಾದ್ದು 23. ವಾಡಿಯವನ 5 ಗಟ್ಟಿ ಗಾಳಿಯಲ್ಲಿ ಕರಗಿತು. ಯಾರೂ ಕದ್ದಿಲ್ಲ.

ಹುಡುಗ ಪೆನ್ನು ಕೆಳಗಿಟ್ಟ.

ಇದು ನಮಗೆ ಹೊಸದಲ್ಲ, ಸ್ತ್ರೀಶಕ್ತಿ ಸಂಘ ನಡೆಸಿದ ಯಾವ ಹೆಣ್ಣುಮಗಳಿಗೂ ಗೊತ್ತು. ವಾರದ ಸಭೆಯಲ್ಲಿ ನಾವು “ನನ್ನದು ನೂರು ಜಮಾ ಮಾಡಿಕೊಳ್ರಿ”, “ನನಗೆ ಐದುನೂರು ಸಾಲ ಕೊಡ್ರಿ” ಎನ್ನುತ್ತೇವೆ. ಕೂಡಿಸಿ ಕಳೆಯುವುದು ಪುಸ್ತಕ ಹಿಡಿದವಳ ಕೆಲಸ. ಅದರ ಬದಲು ಪ್ರತಿಯೊಬ್ಬಳೂ ಮನೆಯಿಂದಲೇ “ಸಂಘದ ಮೊತ್ತ ಈಗ ಇಷ್ಟು” ಎಂದು ಚೀಟಿ ಕಳಿಸಿದರೆ, ಕೊನೆಯ ಚೀಟಿ ಯಾರದೋ ಅವಳ ಲೆಕ್ಕವೇ ಖರೆ ಆಗುತ್ತದೆ. ಆ ಕೊನೆಯವಳ ಮೇಲೆ ಕಳ್ಳಿ ಎಂಬ ಹೆಸರೂ ಬರುತ್ತದೆ.

ಈ ತಪ್ಪು ನಾಲ್ವರಲ್ಲಿ ಯಾರಿಂದಲೂ ಆಗಬಹುದಿತ್ತು; ಹೆಚ್ಚು ಸಲ ಚಿಂಚೋಳಿಯವನಿಂದಲೇ ಆಗಿದ್ದು ಆಶ್ಚರ್ಯವೇನಲ್ಲ. ಶಹಾಬಾದಿಗೆ, ವಾಡಿಗೆ, ಚಿತ್ತಾಪುರಕ್ಕೆ, ನಮ್ಮ ಸೇಡಂಗೆ ರೈಲಿದೆ. ಚಿಂಚೋಳಿಗೆ ಬಸ್ಸೇ ಗತಿ. ಆ ಹುಡುಗನ ಊರಿನಲ್ಲಿ ಫೋನಿನ ಸಿಗ್ನಲ್ ಬೇಕಾದರೂ ಮಾಳಿಗೆ ಹತ್ತಬೇಕು. ಸುದ್ದಿ ತಡವಾಗಿ ಮುಟ್ಟುವವನ ಪರದೆಯಲ್ಲಿ ಹಳೆಯ ಅಂಕಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅವನು ಮಾಡಿದ್ದು ತನ್ನ ಪಾಲಿನ ಎರಡು ಗಟ್ಟಿ ತೆಗೆದದ್ದಷ್ಟೇ.

ಇನ್ನೂ ಒಂದು ಮಾತನ್ನು ಹುಡುಗ ತಾನೇ ಹೇಳಿದ. ಮೋಡನ್ನು ಎಲ್ಲರಿಗೂ ಕೊಡುವ ಮೊದಲು ಅವನು ಒಬ್ಬನೇ ಆಡಿ ಪರೀಕ್ಷಿಸಿದ್ದ. ಲೆಕ್ಕ ಪೂರಾ ಸರಿಯಿತ್ತು. 2012ರಿಂದ ಈ ಆಟವನ್ನು ಒಬ್ಬರೇ ಆಡಿದರೂ ಒಳಗೆ ಸರ್ವರು ಇದ್ದೇ ಇರುತ್ತದೆಯಂತೆ. ಆದರೆ ಕೇಳುವವನೂ ಕೊಡುವವನೂ ಒಂದೇ ಮನೆಯಲ್ಲಿದ್ದಾಗ ಚೀಟಿ ತಡವಾಗುವುದಿಲ್ಲ, ಇನ್ನೊಬ್ಬರ ಚೀಟಿ ಅಡ್ಡ ಬರುವುದೂ ಇಲ್ಲ. ಒಬ್ಬಳೇ ಇರುವ ಮನೆಯಲ್ಲಿ ಜಗಳವೆಲ್ಲಿಯದು?

ಎರಡು ದಿನ ಕುಳಿತು ತಿದ್ದಿದ. ಈಗ ಕ್ಲೈಂಟಿನ ಚೀಟಿಯಲ್ಲಿ “5 ಹಾಕುತ್ತೇನೆ”, “2 ಬೇಕು” ಎಂಬ ಬೇಡಿಕೆ ಮಾತ್ರ. ಹಾಕುವವನ ಬಳಿ ಅಷ್ಟು ಇದೆಯೇ, ಅವನು ಪೆಟ್ಟಿಗೆಯ ಹತ್ತಿರ ನಿಂತಿದ್ದಾನೆಯೇ ಎಂದು ಸರ್ವರು ನೋಡುತ್ತದೆ, ತಾನೇ ಕೂಡಿಸಿ ಕಳೆಯುತ್ತದೆ, ನಾಲ್ವರಿಗೂ ಹೊಸ ಅಂಕಿ ಕಳಿಸುತ್ತದೆ. “ಕ್ಲೈಂಟ್ ಹೇಳಿದ್ದು ಸರ್ವರ್ ಎಂದೂ ನಂಬಬಾರದು ದೊಡ್ಡವ್ವ, ಇದು ಮೊದಲ ನಿಯಮ” ಎಂದ. ಚೀಟಿ ನಂಬಬ್ಯಾಡ, ಪರೀಕ್ಷಿಸು. ಆದರೆ ಪರೀಕ್ಷಿಸದೆ ಮನುಷ್ಯನ್ನ ಕಳ್ಳ ಅನಬ್ಯಾಡ ಎಂದೆ ನಾನು. ಎರಡೂ ಒಂದೇ ನಿಯಮದ ಎರಡು ಮಗ್ಗುಲು.

ತಿದ್ದುವುದು ಸುಲಭವಾಗಿತ್ತು, ಫೋನು ಮಾಡುವುದು ಕಷ್ಟವಾಯಿತು. ಸಂಜೆಯವರೆಗೆ ಅಂಗಳದಲ್ಲಿ ತಿರುಗಾಡಿ ಕೊನೆಗೆ ಮಾಡಿದ. ತಪ್ಪು ನನ್ನ ಮೋಡಿಂದು, ನಿಂದಲ್ಲ ಎಂದ. ಆಚೆಯಿಂದ ಬಹಳ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೇನೋ ಎಂದುಕೊಂಡೆವು. ಆಮೇಲೆ ಆ ಹುಡುಗ ಕೇಳಿದ್ದು ಒಂದೇ ಮಾತು: “ಇದನ್ನ ಅವರಿಬ್ಬರಿಗೂ ಹೇಳೀಯೇನು?”

ಕಳೆದ ಬಂಗಾರ ಮರಳಿ ಬರಲಿಲ್ಲ. ಸರ್ವರಿನ ಹತ್ತಿರ ಅದರ ದಾಖಲೆಯೇ ಇರಲಿಲ್ಲ. ಆ ಹುಡುಗ ಬಂಗಾರದ ಮಾತು ಎತ್ತಲೂ ಇಲ್ಲ. ನಮ್ಮವನು ಅದೇ ರಾತ್ರಿ ವಾಡಿಗೂ ಚಿತ್ತಾಪುರಕ್ಕೂ ಫೋನು ಮಾಡಿದ.