ಬಾಯಿಪಾಠದ ಭಕ್ತಿ



2025ರ ಜನವರಿಯಲ್ಲಿ ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಹಾಡಿತು. ನಿಮ್ಮಲ್ಲಿ ಕೆಲವರು ಹೋಗಿದ್ದಿರಬಹುದು; ಟಿಕೇಟು ಸಿಗದೆ ಮುಖ ಸಪ್ಪಗೆ ಮಾಡಿಕೊಂಡು ಮನೆಯಲ್ಲೇ ಕುಳಿತವರೂ ಇರಬಹುದು. ಹಿರಿಯರು ಇದನ್ನು ಹುಚ್ಚು ಎನ್ನುತ್ತಾರೆ. ನಾನು ಭಾನುವಾರದ ಆರಾಧನೆ ತಪ್ಪಿಸದ ಕನ್ನಡ ಕ್ರೈಸ್ತ. ಆದರೂ ಹೇಳುತ್ತೇನೆ, ಈ ಹುಚ್ಚಿನಿಂದ ನಮ್ಮ ಸಭೆಗಳು ಕಲಿಯುವುದು ಸಾಕಷ್ಟಿದೆ.

1985ರ ಜುಲೈ 13ರಂದು, ಇಥಿಯೋಪಿಯದ ಕ್ಷಾಮಪೀಡಿತರ ನೆರವಿಗಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 'ಲೈವ್ ಏಡ್' ಎಂಬ ಸಂಗೀತ ಕಾರ್ಯಕ್ರಮ ನಡೆಯಿತು. ಅಲ್ಲಿ ಕ್ವೀನ್ ತಂಡ ಸುಮಾರು 20 ನಿಮಿಷ ಹಾಡಿತು. ಅದರ ಗಾಯಕ ಫ್ರೆಡಿ ಮರ್ಕ್ಯುರಿ ಪಾರ್ಸಿ ಮನೆತನದವನು, ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದವನು. ಆ ಚಿತ್ರೀಕರಣ ಈಗಲೂ ನೋಡಸಿಗುತ್ತದೆ. ಆದರೆ ಒಮ್ಮೆ ಅವನನ್ನು ಬಿಟ್ಟು ಜನರನ್ನು ನೋಡಿ. 'ರೇಡಿಯೋ ಗಾಗಾ' ಹಾಡಿಗೆ ಸುಮಾರು 72,000 ಜನರ ಕೈಗಳು ಒಂದೇ ತಾಳಕ್ಕೆ ತಲೆಯ ಮೇಲೆ ಏಳುತ್ತವೆ. ಅವನು ಆಲಾಪ ಎಳೆದರೆ ಮೈದಾನವೇ ಅದನ್ನು ಮರಳಿ ಹಾಡುತ್ತದೆ. ಯಾರ ಕೈಯಲ್ಲೂ ಪುಸ್ತಕವಿಲ್ಲ. 'ನನ್ನ ಕಂಠ ಚೆನ್ನಾಗಿಲ್ಲ' ಎಂಬ ಸಂಕೋಚವೂ ಇಲ್ಲ.

ನಮ್ಮಲ್ಲಿ? ಗಾಯನವೃಂದ ಹಾಡುತ್ತದೆ, ಉಳಿದವರು ಗೀತಪುಸ್ತಕ ಹಿಡಿದು ನಿಲ್ಲುತ್ತೇವೆ. ನಿಮ್ಮ ತುಟಿ ಅಲ್ಲಾಡದಿದ್ದರೆ ಅದು ಭಕ್ತಿಯ ಕೊರತೆಯಲ್ಲವೆಂದು ನಾನು ಬಲ್ಲೆ. ಪರಊರಿನಲ್ಲಿ ಬೆಳೆದ ನಿಮಗೆ ಕನ್ನಡ ಅಕ್ಷರ ಓದುವುದು ಕಷ್ಟ. ಆದರೆ ನನ್ನ ಅಜ್ಜಿಗೂ ಓದು ಬರುತ್ತಿರಲಿಲ್ಲ. ಅಕ್ಕಿ ಆರಿಸುತ್ತಾ, ಮಗು ಮಲಗಿಸುತ್ತಾ ಅವರು ಗೀತೆಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ನಿಘಂಟಿನ ಕಿಟ್ಟೆಲ್ ಅವರು 1862ರಲ್ಲೇ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ'ಯಾಗಿ ನಮ್ಮ ಛಂದಸ್ಸಿನಲ್ಲಿ ರಚಿಸಿದರು. ಓದುವುದಕ್ಕಿಂತ ಹಾಡಿದ್ದು ನಮ್ಮ ಜನರ ನಾಲಿಗೆಯ ಮೇಲೆ ಹೆಚ್ಚು ಕಾಲ ಉಳಿಯುತ್ತದೆ. ಪಂಢರಪುರದ ವಾರಿಯಲ್ಲಿ ನಡೆಯುವವರನ್ನು ಕಂಡಿದ್ದೀರಲ್ಲ? ಅಲ್ಲಿಯೂ ಅಭಂಗಗಳು ಬಾಯಿಗೇ ಬಂದಿರುತ್ತವೆ.

ಇಷ್ಟು ಉತ್ಸಾಹ ದೇವಾಲಯಕ್ಕೆ ತಕ್ಕದ್ದೇ ಎಂದು ಕೇಳುವವರಿದ್ದಾರೆ. 150ನೆಯ ಕೀರ್ತನೆ ತುತೂರಿ, ಕಿನ್ನರಿ, ದಮ್ಮಡಿ, ಕೊಳಲು, ತಾಳ ಎಲ್ಲವನ್ನೂ ಕರೆಯುತ್ತದೆ, ಕುಣಿತವನ್ನೂ ಬಿಡುವುದಿಲ್ಲ. ಅರಸನಾದ ದಾವೀದನು ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿ ಹೀನೈಸಿದವಳು ಮೀಕಲಳು. ನಾವೂ ಎಷ್ಟೋ ಸಲ ಕಿಟಕಿಯಲ್ಲೇ ನಿಂತುಬಿಡುತ್ತೇವೆ.

ಆದರೆ ಸದ್ದೇ ಆರಾಧನೆಯಲ್ಲ. ನ್ಯಾಯವಿಲ್ಲದ ಜನರ ಹಾಡು ದೇವರಿಗೆ ಬೇಡವಾದದ್ದನ್ನು ಪ್ರವಾದಿ ಆಮೋಸನು ಖಂಡಿತವಾಗಿ ಹೇಳಿದ್ದಾನೆ. ವೆಂಬ್ಲಿಯ ಹಾಡಿನ ಹಿಂದೆಯೂ ಹಸಿದವರಿದ್ದರು ಎಂಬುದನ್ನು ಮರೆಯಬಾರದು. ಸಂಗೀತ ಕಾರ್ಯಕ್ರಮದ ಜನ ದೀಪ ಆರಿದ ಮೇಲೆ ಚದರಿಹೋಗುತ್ತಾರೆ. ಸಭೆಯ ಜನ ಮಾತ್ರ ಸೋಮವಾರವೂ ಒಬ್ಬರಿಗೊಬ್ಬರು ಬೇಕಾದವರು. ಪಕ್ಕದ ಮನೆಯ ರೋಗಿಯನ್ನು ವಿಚಾರಿಸಬೇಕಾದವರು.

ನಿಮ್ಮಲ್ಲಿ ನನ್ನದೊಂದು ಬಿನ್ನಹ. ನೂರು ಇಂಗ್ಲಿಷ್ ಹಾಡುಗಳನ್ನು ಕಿವಿಯಿಂದಲೇ ಕಲಿತ ನಿಮಗೆ ಒಂದು ಕನ್ನಡ ಗೀತೆ ಭಾರವಾಗದು. ಈ ವಾರ ಮನೆಯ ಹಿರಿಯರ ಬಳಿ ಕುಳಿತು ಅವರು ಹಾಡಿದಂತೆ ಹಾಡಿ ಕಲಿಯಿರಿ. ನಿಮ್ಮ ಮನೆಯದು ದಾಸರ ಪದವೋ ವಚನವೋ ಆದರೆ ಅದನ್ನೇ ಕಲಿಯಿರಿ. ಭಾನುವಾರ ಬಂದಾಗ ಪುಸ್ತಕ ಮುಚ್ಚಿ, ತಲೆಯೆತ್ತಿ, ಪಕ್ಕದವರಿಗೆ ಕೇಳುವಂತೆ ಹಾಡಿರಿ.