ವಡಪಳನಿಯಲ್ಲಿ ಬೇತಾಳ ಸಿಗಲಿಲ್ಲ!

ಮದರಾಸು, ಅಂದರೆ ಈಗಿನ ಚೆನ್ನೈಗೆ ಹೋದ ನಮ್ಮ ಹುಡುಗರು ಮರೀನಾ ಬೀಚು ನೋಡಿ ಬರ್ತಾರೆ. ನಾನು ಹತ್ತಿದ್ದು ವಡಪಳನಿ ಬಸ್ಸು. ಆರ್ಕಾಟ್ ರಸ್ತೆಯಲ್ಲಿಳಿದು 'ವಿಜಯಾ-ವಾಹಿನಿ ಸ್ಟುಡಿಯೋ ಎಲ್ಲಪ್ಪಾ?' ಅಂದೆ. ಸೆಕ್ಯೂರಿಟಿಯವನು ಮಾಲ್ ಕಡೆ ಕೈ ತೋರಿಸಿದ. 1957ರ 'ಮಾಯಾಬಜಾರ್' ತೆಗೆದ ಕಂಪನಿಯ ಜಾಗದಲ್ಲಿ ಈಗ ನಿಜವಾದ ಬಜಾರ್!

ನಾನು ಹೋದದ್ದು ಸಿನಿಮಾಕ್ಕಲ್ಲ, 'ಚಂದಮಾಮ'ಕ್ಕೆ. ಅಕ್ಕನ ಮಗನಿಗೆ ಒಂದು ಸಂಚಿಕೆ ತರ್ತೀನಿ ಅಂತ ಮಾತು ಕೊಟ್ಟಿದ್ದೆ. ಇದೇ ಸ್ಟುಡಿಯೋದ ನಾಗಿರೆಡ್ಡಿ, ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳಲ್ಲಿ ಶುರು ಮಾಡಿದ ಪತ್ರಿಕೆ ಅದು. ಆಮೇಲೆ ಕನ್ನಡಕ್ಕೂ ಬಂತು. ಮುಖಪುಟ ಬರೆದ ಎಂ.ಟಿ.ವಿ. ಆಚಾರ್ಯ ನಮ್ಮವರೇ. ವಿಕ್ರಮನ ಹೆಗಲಿಗೆ ಶವ ಏರಿಸಿದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು.

ಇಂಥದ್ದನ್ನು ಯಾಕೆ ಮಾರಿದರು? ಭಾಷೆಗೊಂದು ಆವೃತ್ತಿ, ಅಂದರೆ ಭಾಷೆಗೊಂದು ಖರ್ಚು. ಕಾಗದದ ಬೆಲೆ ಏರ್ತದೆ, ಆದರೆ ಮಗುವಿನ ಜೇಬು ಏರೋದಿಲ್ಲ. ಸಂಜೆ ಹೊತ್ತು ಟಿ.ವಿ. ಕಸಿದುಕೊಂಡಿತು. 1998ರಲ್ಲಿ ಕಾರ್ಮಿಕ ವಿವಾದದಿಂದ ನಿಂತು, ವರ್ಷದ ನಂತರ ಮತ್ತೆ ಎದ್ದಿತು. 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡಿತು. ಕೊಳ್ಳುವವನ ಕಣ್ಣು ತಿಂಗಳ ಸಂಚಿಕೆ ಮೇಲಿರೋದಿಲ್ಲ ಸ್ವಾಮಿ! ಅರವತ್ತು ವರ್ಷದ ಕಥೆ, ಚಿತ್ರಗಳ ಗಂಟಿನ ಮೇಲೆ. ಅದನ್ನು ಕಂಪ್ಯೂಟರಿಗೆ ಹಾಕಿ ದುಡ್ಡು ಮಾಡೋ ಲೆಕ್ಕ. ಆದರೆ ಕೊಂಡವನೇ ಸಾಲದಲ್ಲಿ ಮುಳುಗಿದ. 2013ರ ಹೊತ್ತಿಗೆ ಪತ್ರಿಕೆ ನಿಂತಿತು. ಕಂಪನಿಯ ವ್ಯವಹಾರ ಕೋರ್ಟಿಗೆ ಹೋಯಿತು. ಸ್ಟುಡಿಯೋ ಮುಚ್ಚಿದರೂ ನೆಲಕ್ಕೆ ಬೆಲೆ ಇತ್ತು, ಮಾಲ್ ಎದ್ದಿತು. ಚಂದಮಾಮನಿಗೆ ನೆಲ ಎಲ್ಲಿತ್ತು? ಹಕ್ಕು ಯಾರ ಕೈಯಲ್ಲಿದೆಯೋ ಅವನು ಅಚ್ಚು ಹಾಕದಿದ್ದರೆ, ಬೇರೆಯವರೂ ಹಾಕುವಂತಿಲ್ಲ. ನಷ್ಟದ ಪಿಕ್ಚರ್ ಡಬ್ಬದಲ್ಲಿ ಕೊಳೆಯೋದನ್ನು ನೀವು ಕೇಳಿಲ್ಲವೆ? ಹಾಗೇ ಇದು.

ವಾಪಸಾಗುವಾಗ ಫುಟ್‌ಪಾತಿನಲ್ಲಿ ಹಳೇ ಸಂಚಿಕೆಯೊಂದು ಸಿಕ್ಕಿತು. ತಮಿಳಿನ 'ಅಂಬುಲಿಮಾಮಾ'. ಅಕ್ಷರ ಬಾರದಿದ್ದರೂ ಅದೇ ವಿಕ್ರಮ, ಅದೇ ಕತ್ತಿ, ಅದೇ ಶವ! ರೇಟು ಕೇಳದೆ ಕೊಂಡೆ.

ಊರಲ್ಲಿ ಹುಡುಗ ಚಿತ್ರ ನೋಡಿ 'ಮಾಮ, ಕಥೆ ಹೇಳು' ಅಂದ. ನೆನಪಿದ್ದ ಒಂದನ್ನು ಶುರು ಮಾಡಿದೆ. ಅರ್ಧಕ್ಕೆ ಬಂದು ನಿಂತೆ. ಬೇತಾಳ ಕೇಳಿದ ಪ್ರಶ್ನೆ ನೆನಪಿದೆ, ವಿಕ್ರಮ ಕೊಟ್ಟ ಉತ್ತರವೇ ಮರೆತುಹೋಗಿದೆ! ಹುಡುಗ ಇನ್ನೂ ಕಾಯ್ತಾ ಇದ್ದಾನೆ. ನಿಮ್ಮ ಅಟ್ಟದ ಮೇಲೆ ಹಳೇ ಚಂದಮಾಮ ಇದ್ದರೆ, ದಯವಿಟ್ಟು ತೂಕಕ್ಕೆ ಹಾಕಬೇಡಿ.